ದಾನಕ್ಕಿಂತ ಪಾಲನೆ

ಮೈಸೂರಿನಲ್ಲಿ ಬೆಳಗಿನ ಆರು ಗಂಟೆಗೆ ಯಾರಾದರೂ ದೊಡ್ಡ ಮನುಷ್ಯರನ್ನು ಕಾಣಬೇಕಾದರೆ ಅವರ ಮನೆಯ ಬಾಗಿಲು ತಟ್ಟಿ ಪ್ರಯೋಜನವಿಲ್ಲ. ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಹೋಗಿ ನಿಂತರೆ ಸಾಕು. ಅರ್ಧ ಗಂಟೆಯೊಳಗೆ ಅವರು ತಾವಾಗಿಯೇ ಎದುರಿಗೆ ಬರುತ್ತಾರೆ. ಕಾಲಿಗೆ ಕ್ಯಾನ್ವಾಸ್ ಷೂ, ತಲೆಗೆ ಉಣ್ಣೆಯ ಟೋಪಿ, ನಾಯಿಯನ್ನು ಹೆದರಿಸಲೆಂದು ಹಿಡಿದು ಕ್ರಮೇಣ ಕೈಯ ಅಂಗವೇ ಆಗಿಹೋದ ಒಂದು ಬೆತ್ತ. ನಿವೃತ್ತ ನ್ಯಾಯಾಧೀಶರು, ಬ್ಯಾಂಕಿನ ಮ್ಯಾನೇಜರು, ಸಂಸ್ಕೃತ ಪಂಡಿತರು, ಮೊಮ್ಮಗುವನ್ನು ಸೊಸೆಯ ಕೈಗೊಪ್ಪಿಸಿ ಒಂದು ಗಂಟೆಯ ಬಿಡುವು ಸಂಪಾದಿಸಿಕೊಂಡ ಗೃಹಿಣಿಯರು, ಪರೀಕ್ಷೆಗೆ ಓದುವ ಹುಡುಗರು, ಎಲ್ಲರಿಗೂ ಅಲ್ಲಿ ಒಂದೇ ದಾರಿ. ಮಾತಿನ ವಿಷಯಗಳೂ ಹೆಚ್ಚಿಲ್ಲ: ರಕ್ತದೊಳಗಿನ ಸಕ್ಕರೆ, ಪಿಂಚಣಿ, ಅಮೆರಿಕದಲ್ಲಿರುವ ಮಗ. ಈ ಮೂರನ್ನು ಮುಗಿಸುವಷ್ಟರಲ್ಲಿ ಕೆರೆಯ ಸುತ್ತು ಮುಗಿದಿರುತ್ತದೆ.

ಈ ವಾಯುಸೇವನೆಯ ಗುಂಪಿನಲ್ಲಿ ಆಗಾಗ ಬಗ್ಗುವವರು ಕೆಲವರುಂಟು. ಸೊಂಟ ನೋವೆಂದು ವೈದ್ಯರು ಹೇಳಿಕೊಟ್ಟ ವ್ಯಾಯಾಮವದಲ್ಲ. ಹಿಂದಿನ ಸಂಜೆ ಯಾರೋ ತಿಂದು ಎಸೆದ ಕುರುಕಲು ತಿಂಡಿಯ ಹೊಳೆಯುವ ಪೊಟ್ಟಣ, ನೀರಿನ ಬಾಟಲಿ, ಕಾಗದದ ಲೋಟ ಇವುಗಳನ್ನು ಆಯ್ದು ಹೆಗಲಿನ ಗೋಣಿಚೀಲಕ್ಕೆ ಹಾಕಿಕೊಳ್ಳುತ್ತಾರೆ. ಮೊದಮೊದಲು ಇಂಥವರನ್ನು ನೋಡಿ ಪರಿಚಯಸ್ಥರು, “ಏನ್ ಮೇಷ್ಟ್ರೇ, ರಿಟೈರಾದ ಮೇಲೆ ಈ ಕೆಲಸ ಹಿಡಿದ್ರಾ?” ಎಂದು ನಗುವುದುಂಟು. ನಗುವವರಿಗೆ ಉತ್ತರ ಕೊಡುತ್ತ ನಿಂತರೆ ಕೆಲಸ ನಿಲ್ಲುತ್ತದೆ. ಆದುದರಿಂದ ಬಗ್ಗುವವರು ನಕ್ಕು ಮುಂದೆ ಹೋಗುತ್ತಾರೆ. ವಿಚಿತ್ರವೆಂದರೆ ಕೆಲವು ವಾರಗಳಾದ ಮೇಲೆ ನಕ್ಕವರಲ್ಲಿಯೇ ಒಬ್ಬರು ಅತ್ತಿತ್ತ ನೋಡಿ, ಯಾರೂ ಕಾಣುತ್ತಿಲ್ಲವೆಂದು ಖಚಿತಪಡಿಸಿಕೊಂಡು, ಒಂದು ಬಾಟಲಿಯನ್ನು ಎತ್ತಿ ಬುಟ್ಟಿಗೆ ಹಾಕುತ್ತಾರೆ. ಸತ್ಕಾರ್ಯಕ್ಕೂ ಒಂದು ಬಗೆಯ ನಾಚಿಕೆಯುಂಟು. ಅದು ಬಿಟ್ಟುಹೋಗಲು ಜೊತೆಗಾರರು ಬೇಕು. ಊರಿನ ಕೆರೆ, ಕಾಲುದಾರಿ, ಉದ್ಯಾನಗಳ ರಕ್ಷಣೆಗೆಂದು ಹುಟ್ಟಿಕೊಳ್ಳುವ ಸಣ್ಣಪುಟ್ಟ ಕೂಟಗಳ ಮೊದಲ ಉಪಕಾರವೇ ಇದು: ಒಬ್ಬನೇ ಮಾಡಿದರೆ ಹುಚ್ಚೆನ್ನಿಸಿಕೊಳ್ಳುವ ಕೆಲಸವನ್ನು ಹತ್ತು ಜನ ಸೇರಿ ಮರ್ಯಾದೆಯ ಕೆಲಸವಾಗಿ ಮಾಡುತ್ತಾರೆ.

ಕುಕ್ಕರಹಳ್ಳಿ ಕೆರೆಯನ್ನು ಮುಮ್ಮಡಿ ಕೃಷ್ಣರಾಜ ಒಡೆಯರು 1864ರಲ್ಲಿ ಕಟ್ಟಿಸಿದರು. ಊರ ಹೊರಗಿನ ಹೊಲಗದ್ದೆಗಳಿಗೆ ನೀರೂಡಿಸುವುದು ಅದರ ಉದ್ದೇಶವಾಗಿದ್ದಿತು. ದಿವಾನ್ ಪೂರ್ಣಯ್ಯನವರ ಹೆಸರನ್ನು ಹೊತ್ತ ಕಾಲುವೆಯ ಮೂಲಕ ಮಳೆಯ ನೀರು ಹರಿದುಬಂದು ಅದನ್ನು ತುಂಬುತ್ತಿದ್ದಿತು. ಊರು ಬೆಳೆಯಿತು, ಹೊಲಗದ್ದೆಗಳು ಬಡಾವಣೆಗಳಾದವು, ಕಾಲುವೆ ಅಲ್ಲಲ್ಲಿ ಮುಚ್ಚಿಹೋಯಿತು. ಮಳೆನೀರಿನ ದಾರಿ ತಪ್ಪಿದ ಕೆರೆಗೆ ಮನೆಗಳ ಕೊಳಚೆಯ ದಾರಿ ಮಾತ್ರ ತಪ್ಪಲಿಲ್ಲ. ಕೆರೆಯ ಪಕ್ಕದಲ್ಲಿಯೇ ಮೈಸೂರು ವಿಶ್ವವಿದ್ಯಾನಿಲಯದ ಮಾನಸಗಂಗೋತ್ರಿ ಇದೆ. ಆ ಹೆಸರನ್ನಿಟ್ಟವರು 1956ರಿಂದ 1960ರವರೆಗೆ ಕುಲಪತಿಗಳಾಗಿದ್ದ ಕುವೆಂಪು. ಈ ಏರಿಯ ಮೇಲೆ ಅವರೂ ನಡೆದಾಡಿದವರೇ. ಇಂದಿಗೂ ಕೆರೆಯ ನಡುಗಡ್ಡೆಯ ಮರಗಳಲ್ಲಿ ಹೆಜ್ಜಾರ್ಲೆಗಳು, ಬಣ್ಣದ ಕೊಕ್ಕರೆಗಳು, ನೀರುಕಾಗೆಗಳು ಬೀಡುಬಿಡುತ್ತವೆ. ಹೀಗಿರುವಲ್ಲಿ ಕೆರೆಯನ್ನು ಕಾಯುವವರ ಕೆಲಸ ಕಸ ಆಯುವುದರಲ್ಲಿಯೇ ಮುಗಿಯುವುದಿಲ್ಲ. ನೀರಿನ ಬಣ್ಣ ಬದಲಾದರೆ ಗಮನಿಸಬೇಕು. ಮೀನು ಸತ್ತು ತೇಲಿದರೆ ಸಂಬಂಧಪಟ್ಟವರಿಗೆ ತಿಳಿಸಬೇಕು. ಯಾವ ಮೋರಿ ಎಲ್ಲಿಂದ ಬಂದು ಕೂಡುತ್ತದೆಂದು ಬಿಸಿಲಿನಲ್ಲಿ ನಡೆದು ಹುಡುಕಬೇಕು. ಹುಡುಕಿದುದನ್ನು ಅರ್ಜಿಯಾಗಿ ಬರೆಯಬೇಕು. ಬರೆದ ಅರ್ಜಿಗೆ ಉತ್ತರ ಬಾರದಿದ್ದರೆ ಮತ್ತೊಮ್ಮೆ ಬರೆಯಬೇಕು. ಪಿಂಚಣಿಗಾಗಿ ಕಚೇರಿ ಅಲೆದ ಅನುಭವ ಇಲ್ಲಿ ಬಹಳ ಉಪಯೋಗಕ್ಕೆ ಬರುತ್ತದೆ.

ಇದೆಲ್ಲ ಪಟ್ಟಣದವರು ಹೊಸದಾಗಿ ಕಲಿತ ಪಾಠವೆಂದು ತಿಳಿಯಬಾರದು. ಕನ್ನಡನಾಡಿನ ಶಾಸನಗಳನ್ನು ತಿರುವಿಹಾಕಿದವರಿಗೆ ‘ಬಿತ್ತುವಟ್ಟ’, ‘ಕಟ್ಟುಗೊಡಗೆ’ ಎಂಬ ಮಾತುಗಳು ಪರಿಚಿತವಾದುವೇ. ಕೆರೆ ಕಟ್ಟಿಸಿದರೆ ಸಾಲದು, ಅದರ ಜೀರ್ಣೋದ್ಧಾರಕ್ಕೆ ದಾರಿ ಬೇಕೆಂದು ಭೂಮಿಯನ್ನೋ ಬೆಳೆಯ ಒಂದು ಪಾಲನ್ನೋ ಬಿಟ್ಟುಕೊಡುತ್ತಿದ್ದರು. ಹೂಳೆತ್ತುವ ಬಂಡಿಗಳಿಗೆಂದು ಬಿಟ್ಟ ದತ್ತಿಗಳೂ ಉಂಟು. ತೂಬೆತ್ತಿ ಸರದಿಯ ಪ್ರಕಾರ ನೀರು ಹಂಚಲು ಊರಿಗೊಬ್ಬ ನೀರುಗಂಟಿ ಇದ್ದನು. ಶಾಸನದ ಕೊನೆಗೆ ಬರುವ ಶಾಪವಂತೂ ಪ್ರಸಿದ್ಧವಾದುದೇ: ಈ ಧರ್ಮವನ್ನು ಕೆಡಿಸಿದವನಿಗೆ ಗಂಗೆಯ ತಡಿಯಲ್ಲಿ ಗೋವನ್ನು ಕೊಂದ ಪಾಪ. ಶಾಪ ಎಲ್ಲರ ನೆನಪಿನಲ್ಲಿದೆ. ಅದರ ಪಕ್ಕದಲ್ಲಿಯೇ ಅನೇಕ ಶಾಸನಗಳು ಹೇಳುವ ಇನ್ನೊಂದು ವಿಚಾರ ಅಷ್ಟಾಗಿ ನೆನಪಿನಲ್ಲಿಲ್ಲ. ದಾನ, ಪಾಲನೆ ಇವೆರಡರಲ್ಲಿ ಪಾಲನೆಯೇ ಮೇಲು ಎಂಬುದು ಅದರ ಅಭಿಪ್ರಾಯ. ಕೊಟ್ಟವನಿಗೆ ಸ್ವರ್ಗವಾದರೆ, ಕೊಟ್ಟುದನ್ನು ಕಾಪಾಡಿದವನಿಗೆ ಅದಕ್ಕಿಂತ ಹಿರಿದಾದ ಪದವಿ. ದಾನಿಯ ಹೆಸರನ್ನು ಕಲ್ಲಿನಲ್ಲಿ ಕೊರೆಯುತ್ತಿರುವಾಗಲೇ, ಮುಂದೆ ಬರುವ ಹೆಸರಿಲ್ಲದವರು ಅವನಿಗಿಂತ ದೊಡ್ಡವರೆಂದು ಅದೇ ಕಲ್ಲಿನಲ್ಲಿ ಒಪ್ಪಿಕೊಂಡ ಆ ಹಿರಿಯರ ವಿವೇಕ ಸಾಮಾನ್ಯವಾದುದಲ್ಲ.

ಹತ್ತೊಂಬತ್ತನೆಯ ಶತಮಾನದಲ್ಲಿ ಮರಾಮತ್ತು ಇಲಾಖೆ ಬಂದಿತು. ಕೆರೆಕಟ್ಟೆಗಳು ಒಂದೊಂದಾಗಿ ಸರ್ಕಾರದ ಕೈಗೆ ಹೋದವು. ಇಂಜಿನಿಯರು ಬರಲಿ ಎಂದು ಊರು ಕಾಯತೊಡಗಿತು. ಹಣ ಮಂಜೂರಾಗಲಿ ಎಂದು ಇಂಜಿನಿಯರು ಕಾಯತೊಡಗಿದರು. ಹೂಳು ಮಾತ್ರ ಯಾರನ್ನೂ ಕಾಯಲಿಲ್ಲ. ‘ಊರ ಕೆರೆ’ ಎಂಬುದು ‘ಸರ್ಕಾರದ ಕೆರೆ’ ಎಂದಾಯಿತು. ಹೀಗೆ ಕೈಬಿಟ್ಟುಹೋದ ಒಂದು ಸಂಬಂಧವನ್ನು ಗೋಣಿಚೀಲ ಹಿಡಿದವರು ಇಂದು ಮತ್ತೆ ಕೂಡಿಸಲು ಹೆಣಗುತ್ತಿದ್ದಾರೆ.

ಚಾಮುಂಡಿ ಬೆಟ್ಟದ ಕಥೆಯೂ ಇದೇ ಜಾತಿಯದು. ಬೆಟ್ಟಕ್ಕೆ ಸಾವಿರ ಮೆಟ್ಟಿಲುಗಳನ್ನೂ, ನಡುದಾರಿಯಲ್ಲಿ ಒಂದೇ ಬಂಡೆಯಲ್ಲಿ ಕಡೆದ ಮಹಾನಂದಿಯನ್ನೂ ಮಾಡಿಸಿದ ಕೀರ್ತಿ ಹದಿನೇಳನೆಯ ಶತಮಾನದ ದೊಡ್ಡ ದೇವರಾಜ ಒಡೆಯರದು. ನಾಡಿನಲ್ಲಿ ಇಷ್ಟು ಕಾಲ ಇಷ್ಟು ಜನ ತುಳಿದ ಕಾಲುದಾರಿಗಳು ಹೆಚ್ಚಿರಲಾರವು. ಹರಕೆ ಹೊತ್ತ ಹೆಂಗಸರು ಒಂದೊಂದು ಮೆಟ್ಟಿಲಿಗೂ ಅರಿಸಿನ ಕುಂಕುಮವಿಟ್ಟು ಹತ್ತುತ್ತಾರೆ. ಅವರ ಪಕ್ಕದಲ್ಲಿಯೇ ದೇಹದಾರ್ಢ್ಯದ ತರುಣರು ಗಡಿಯಾರ ನೋಡಿಕೊಂಡು ಏರುತ್ತಾರೆ. ಆಷಾಢದ ಶುಕ್ರವಾರ ಬಂದರೆ ಬೆಟ್ಟವೇ ಜನವಾಗುತ್ತದೆ. ಶನಿವಾರ ಬೆಳಗ್ಗೆ ಪ್ರಸಾದದ ದೊನ್ನೆ, ಪ್ಲಾಸ್ಟಿಕ್ ಚೀಲಗಳನ್ನು ಪೊದೆಗಳೊಳಗಿಂದ ಎಳೆದು ಚೀಲಕ್ಕೆ ತುಂಬುವ ಕೆಲಸ ಪೌರಕಾರ್ಮಿಕರ ಪಾಲಿಗೆ ಬರುತ್ತದೆ. ಅವರೊಡನೆ ಕೈಗೂಡಿಸುವ ಕಾಲೇಜಿನ ಹುಡುಗ ಹುಡುಗಿಯರೂ ಇದ್ದಾರೆ. ಭಕ್ತಿಯಿಂದ ಹತ್ತಿದವರು ಬಿಟ್ಟುಹೋದುದನ್ನು ಇವರು ಭಕ್ತಿಯ ಹೆಸರೆತ್ತದೆ ಇಳಿಸುತ್ತಾರೆ.

2021ರ ಅಕ್ಟೋಬರಿನ ಮಳೆಯಲ್ಲಿ ನಂದಿಯ ಬಳಿಗೆ ಹೋಗುವ ರಸ್ತೆಯ ಅಂಚು ಕುಸಿದುಬಿದ್ದಾಗ ಊರು ಒಂದು ಸಲ ಬೆಚ್ಚಿತು. ಬೆಟ್ಟವೆಂದರೆ ಎಷ್ಟು ಹೊರಿಸಿದರೂ ಹೊರುವ ಜಡವಸ್ತುವಲ್ಲವೆಂಬುದು ಕಣ್ಣಿಗೆ ಕಂಡಿತು. ಆ ಮೇಲೆ ರೋಪ್‌ವೇ ಹಾಕುವ ಮಾತು ಬಂದಾಗ, ಊರಿನ ಲೇಖಕರು, ಪರಿಸರಾಸಕ್ತರು, ದಿನವೂ ಮೆಟ್ಟಿಲು ಹತ್ತುವ ಸಾಮಾನ್ಯರು ಸೇರಿ ಬೇಡವೆಂದರು. 2022ರಲ್ಲಿ ಸರ್ಕಾರ ಆ ಯೋಚನೆಯನ್ನು ಕೈಬಿಟ್ಟಿತು. ನಡೆಯಲಾರದ ಮುದುಕರಿಗೆ ರಸ್ತೆ ಇದ್ದೇ ಇದೆ. ನಡೆಯಬಲ್ಲವರಿಗೆ ದೇವಿಯ ದರ್ಶನವನ್ನು ಇನ್ನಷ್ಟು ಸುಲಭ ಮಾಡಿಕೊಡುವ ಅವಸರವೇನು ಎಂಬ ಪ್ರಶ್ನೆಯಲ್ಲಿ ತಿರುಳಿದ್ದಿತು.

ಇಷ್ಟು ಹೇಳಿದ ಮಾತ್ರಕ್ಕೆ ಕಾಯುವವರೆಲ್ಲ ಒಮ್ಮತದವರೆಂದು ಭಾವಿಸಬೇಕಾಗಿಲ್ಲ. ಏರಿಯ ಮೇಲಿನ ಜಗಳಗಳನ್ನು ಕೇಳಿದವರೇ ಬಲ್ಲರು. ಒಬ್ಬರಿಗೆ ದಾರಿಯುದ್ದಕ್ಕೂ ವಿದ್ಯುದ್ದೀಪ ಬೇಕು. ಇನ್ನೊಬ್ಬರಿಗೆ ಹಕ್ಕಿಗಳ ಕತ್ತಲೆ ಬೇಕು. ಒಬ್ಬರು ನುಣುಪಾದ ಕಲ್ಲುಹಾಸು ಕೇಳಿದರೆ ಇನ್ನೊಬ್ಬರು ಮಣ್ಣೇ ಮಂಡಿಗೆ ಹಿತವೆನ್ನುತ್ತಾರೆ. ಪೊದೆಯನ್ನು ಕಂಡರೆ ಹಾವಿನ ನೆನಪಾಗುವವರು ಅದನ್ನು ಬೋಳಿಸಿ ಬಣ್ಣದ ಹೂವಿನ ಗಿಡ ಹಾಕಿಸಲು ಹೊರಡುತ್ತಾರೆ. ಆ ಪೊದೆಯಲ್ಲಿಯೇ ಸಂಸಾರ ಹೂಡಿದ ಕೆಂಬೂತದ ಅಹವಾಲನ್ನು ಯಾರಾದರೂ ಹೇಳಬೇಕಾಗುತ್ತದೆ. ಪ್ರೀತಿಯಿಂದಲೂ ಕೆಡುಕಾಗಬಹುದು. ಮನೆಯ ಅಂಗಳವನ್ನು ಗುಡಿಸುವ ಕಣ್ಣಿನಿಂದ ಕೆರೆಯಂಚನ್ನು ನೋಡಬಾರದೆಂಬ ತಿಳಿವಳಿಕೆ ಬರಲು ಕೆಲವು ವರ್ಷಗಳ ಸಹವಾಸ ಬೇಕು.

ಇದಕ್ಕಿಂತ ಸೂಕ್ಷ್ಮವಾದ ಅಪಾಯ ಇನ್ನೊಂದಿದೆ. ಕಾದವನಿಗೆ ‘ಇದು ನನ್ನದು’ ಎನ್ನಿಸುತ್ತದೆ. ಎನ್ನಿಸುವುದು ಒಳ್ಳೆಯದೇ, ಆದರೆ ಅದು ಬಹುಬೇಗ ‘ಇದು ನಿನ್ನದಲ್ಲ’ ಎಂಬ ಮಾತಿಗೆ ತಿರುಗುತ್ತದೆ. ಎಷ್ಟೋ ಬಡಾವಣೆಗಳ ಉದ್ಯಾನದ ಬಾಗಿಲಿನಲ್ಲಿ ನಿಷೇಧಗಳ ಒಂದು ಫಲಕ ತೂಗಾಡುತ್ತದೆ: ಚೆಂಡಾಡಬಾರದು, ಹುಲ್ಲಿನ ಮೇಲೆ ಕೂಡಬಾರದು, ಬೆಂಚಿನ ಮೇಲೆ ಮಲಗಬಾರದು. ಮಧ್ಯಾಹ್ನದ ಬಿಸಿಲಿನಲ್ಲಿ ಬೆಂಚಿನ ಮೇಲೆ ಮಲಗುವವನು ಯಾರು? ಪಕ್ಕದ ಕಟ್ಟಡಕ್ಕೆ ಗಾರೆ ಹೊತ್ತು ಬಂದ ಕೂಲಿಯವನು. ಚೆಂಡಾಡುವವರು ಯಾರು? ಮನೆಯಲ್ಲಿ ಅಂಗಳವಿಲ್ಲದ ಮಕ್ಕಳು. ನೆರಳು ಯಾರಿಗೆ ಎಲ್ಲಕ್ಕಿಂತ ಹೆಚ್ಚಾಗಿ ಬೇಕೋ ಅವರನ್ನು ಹೊರಗಿಟ್ಟು ನೆರಳನ್ನು ಕಾಪಾಡಿದರೆ ಆ ಪಾಲನೆಗೆ ಶಾಸನದ ಪುಣ್ಯ ದೊರೆಯಲಾರದು. ಉದ್ಯಾನದ ಕೂಟವೊಂದು ಒಳ್ಳೆಯದೋ ಅಲ್ಲವೋ ಎಂಬುದನ್ನು ಅದರ ಹುಲ್ಲಿನ ಹಸಿರಿನಿಂದ ಅಳೆಯುವುದಕ್ಕಿಂತ, ಆ ಹುಲ್ಲಿನ ಮೇಲೆ ಕುಳಿತವರ ಬಗೆಯಿಂದ ಅಳೆಯುವುದು ಮೇಲು.

ಬೆಂಗಳೂರಿನ ಕಬ್ಬನ್ ಪಾರ್ಕು ಇದಕ್ಕೊಂದು ಒಳ್ಳೆಯ ಮಾದರಿ. 1870ರಲ್ಲಿ ಹುಟ್ಟಿದ ಆ ವನಕ್ಕೆ 1927ರಲ್ಲಿ ಶ್ರೀ ಚಾಮರಾಜೇಂದ್ರ ಉದ್ಯಾನವೆಂಬ ಹೆಸರು ಬಂದಿತು. ಜನದ ಬಾಯಿಯಲ್ಲಿ ಹಳೆಯದೇ ಉಳಿಯಿತು. ಅದನ್ನು ಕಾಪಾಡಲೆಂದು 1975ರಲ್ಲಿ ರಾಜ್ಯದಲ್ಲಿ ಉದ್ಯಾನ ಸಂರಕ್ಷಣಾ ಕಾಯಿದೆಯೇ ಆಯಿತು. ಆದರೆ ಕಾಯಿದೆಯನ್ನೂ ಕಾಯುವವರು ಬೇಕಲ್ಲವೆ? 1998ರಲ್ಲಿ ಉದ್ಯಾನದ ಒಂದು ಭಾಗವನ್ನು ರಕ್ಷಿತ ಮೇರೆಯಿಂದ ಹೊರಗಿಡಲು ಸರ್ಕಾರ ಮುಂದಾದಾಗ ನಾಗರಿಕರು ಬೀದಿಗಿಳಿದರು, ನ್ಯಾಯಾಲಯಕ್ಕೂ ಹೋದರು. ಇಂಥ ಹೋರಾಟಗಳೆಲ್ಲ ಗೆದ್ದವೆಂದಲ್ಲ. ಆದರೂ 2015ರಿಂದ ಭಾನುವಾರದಂದು ಉದ್ಯಾನದೊಳಗೆ ವಾಹನಗಳನ್ನು ಬಿಡದಿರುವ ಏರ್ಪಾಡಾದ ಮೇಲೆ ಅಲ್ಲಿ ಕಂಡುಬಂದ ದೃಶ್ಯ ಹೃದ್ಯವಾದುದು: ಸೈಕಲ್ ಕಲಿಯುವ ಮಗು, ಅದರ ಹಿಂದೆ ಏದುಸಿರು ಬಿಡುತ್ತ ಓಡುವ ತಂದೆ, ಮರದಡಿಯಲ್ಲಿ ಬುತ್ತಿ ಬಿಚ್ಚಿದ ಕುಟುಂಬ. 2023ರಿಂದೀಚೆಗೆ ಪುಸ್ತಕ ತಂದು ಮರದಡಿ ಕುಳಿತು ಮೌನವಾಗಿ ಓದುವ ಗುಂಪೂ ಸೇರಿಕೊಂಡಿತು. ಅದೇ ನಗರದ ದಕ್ಷಿಣಕ್ಕಿರುವ ಪುಟ್ಟೇನಹಳ್ಳಿಯ ಕೆರೆ ಬತ್ತಿ ಕಸದ ತಿಪ್ಪೆಯಾಗುತ್ತಿದ್ದಾಗ ಸುತ್ತಲಿನ ನಿವಾಸಿಗಳು 2010ರಲ್ಲಿ ಒಂದು ಟ್ರಸ್ಟು ಕಟ್ಟಿಕೊಂಡರು. 2011ರಲ್ಲಿ ನಗರಪಾಲಿಕೆಯೊಡನೆ ಒಪ್ಪಂದ ಮಾಡಿಕೊಂಡು ಕೆರೆಯ ಆರೈಕೆಯ ಹೊಣೆ ಹೊತ್ತರು. ಮನೆಗೆಲಸ, ಕಚೇರಿಯ ಕೆಲಸಗಳ ನಡುವೆ ನೆರೆಹೊರೆಯವರು ನಡೆಸಿದ ಆ ಪ್ರಯತ್ನ ಇತರ ಬಡಾವಣೆಗಳಿಗೂ ಧೈರ್ಯ ಕೊಟ್ಟಿತು.

ಟ್ರಸ್ಟು, ಒಪ್ಪಂದ, ಕಾಯಿದೆ ಯಾವುದನ್ನೂ ಅರಿಯದೆ ಪಾಲನೆಯ ಅರ್ಥವನ್ನು ಬಾಳಿ ತೋರಿಸಿದವರು ಸಾಲುಮರದ ತಿಮ್ಮಕ್ಕ. ಮಾಗಡಿ ತಾಲ್ಲೂಕಿನ ಹುಲಿಕಲ್ಲಿನಿಂದ ಕುದೂರಿನ ಕಡೆಗೆ ಹೋಗುವ ದಾರಿಯಲ್ಲಿ ಅವರೂ ಪತಿ ಚಿಕ್ಕಯ್ಯನವರೂ ಬೆಳೆಸಿದ ಆಲದ ಮರಗಳು 385 ಎಂದು ಲೆಕ್ಕ. ಮಕ್ಕಳಿಲ್ಲದ ಆ ಕೂಲಿ ದಂಪತಿಗಳು ನೆಟ್ಟು ಸುಮ್ಮನಾಗಲಿಲ್ಲ. ಕೊಡಗಳಲ್ಲಿ ನೀರು ಹೊತ್ತರು. ದನ ಮೇಯದಂತೆ ಮುಳ್ಳಿನ ಬೇಲಿ ಕಟ್ಟಿದರು. ಗಿಡ ತನ್ನ ಕಾಲ ಮೇಲೆ ನಿಲ್ಲುವವರೆಗೆ ಕೈಬಿಡಲಿಲ್ಲ. 2019ರಲ್ಲಿ ಅವರಿಗೆ ಪದ್ಮಶ್ರೀ ದೊರೆಯಿತು. ರಸ್ತೆಯನ್ನು ಅಗಲಮಾಡುವ ಯೋಜನೆಯಿಂದ ಆ ಮರಗಳಿಗೇ ಕುತ್ತು ಬರುವ ಸೂಚನೆ ಕಂಡುದೂ ಅದೇ ವರ್ಷ; ಆ ಅಜ್ಜಿ ಮರಗಳನ್ನು ಉಳಿಸಿಕೊಡಿರೆಂದು ಮುಖ್ಯಮಂತ್ರಿಗಳಲ್ಲಿ ಮೊರೆಯಿಡಬೇಕಾಯಿತು. ಪ್ರಶಸ್ತಿ ಕೊಟ್ಟ ನಾಡು ನೆರಳನ್ನು ಮರೆಯುವುದು ಎಷ್ಟು ಸುಲಭ! 2025ರ ನವೆಂಬರ್ 14ರಂದು ಅವರು ತೀರಿಕೊಂಡರು. ಇನ್ನು ಆ ಸಾಲನ್ನು ಕಾಯುವ ಸರದಿ ಆ ದಾರಿಯಲ್ಲಿ ನಡೆಯುವವರದು.

1950ರಲ್ಲಿ ಕೇಂದ್ರದ ಮಂತ್ರಿಗಳಾಗಿದ್ದ ಕೆ. ಎಂ. ಮುನ್ಷಿಯವರು ವನಮಹೋತ್ಸವವನ್ನು ಆರಂಭಿಸಿದಂದಿನಿಂದ ನಾಡಿನಲ್ಲಿ ನೆಟ್ಟ ಸಸಿಗಳೆಲ್ಲ ಬದುಕಿದ್ದರೆ ಇಂದು ಮನೆ ಕಟ್ಟಲು ಜಾಗ ಹುಡುಕಬೇಕಾಗಿತ್ತು. ಹೋದ ವರ್ಷದ ಗುಂಡಿಯಲ್ಲಿಯೇ ಈ ವರ್ಷದ ಸಸಿ ನೆಡುವ ಉತ್ಸವಗಳನ್ನು ನೋಡಿ ನಗದವರಿಲ್ಲ. ನೆಡುವ ದಿನ ಹಾರವುಂಟು, ಭಾಷಣವುಂಟು, ಛಾಯಾಚಿತ್ರವುಂಟು. ಸಸಿಯ ಅಳಿವು ಉಳಿವು ನಿರ್ಧಾರವಾಗುವುದು ಮುಂದಿನ ಮಾರ್ಚಿ ತಿಂಗಳ ಒಂದು ಬರಿಯ ಮಂಗಳವಾರದಂದು. ಆ ದಿನ ಅಲ್ಲಿ ಬೇಕಾದುದು ಒಂದು ಕೊಡ ನೀರು, ಅದನ್ನು ಹೊತ್ತು ತರುವ ಒಬ್ಬ ಮನುಷ್ಯ. ಅಂಥವರು ಊರಿಗೆ ಹತ್ತು ಜನವಿದ್ದರೆ ಊರಿನ ದಾರಿಗಳಿಗೆ ನೆರಳಿರುತ್ತದೆ. ಅವರ ಹೆಸರನ್ನು ಯಾವ ಕಲ್ಲಿನಲ್ಲಿಯೂ ಕೊರೆಯಬೇಕಾಗಿಲ್ಲ. ಅವರು ಎದುರಿಗೆ ಬಂದಾಗ ನಗದೆ, ಕೊಡದ ಇನ್ನೊಂದು ಬದಿಗೆ ಕೈಕೊಟ್ಟರೆ ಸಾಕು.