ನಂದಿಯ ತಪ್ಪಲಿನ ನೀರು ಮತ್ತು ಹುಲ್ಲು

ವಿಜಯಪುರವೆಂದೊಡನೆ ವಾಚಕರಲ್ಲಿ ಅನೇಕರಿಗೆ ಗೋಳಗುಮ್ಮಟ ನೆನಪಾದೀತು. ನಾವು ಹೇಳಹೊರಟಿರುವುದು ದೇವನಹಳ್ಳಿ ತಾಲ್ಲೂಕಿನ ವಿಜಯಪುರವನ್ನು. ಹಿಂದೆ ವಡಿಗೇನಹಳ್ಳಿ ಎನಿಸಿಕೊಂಡಿದ್ದ, ರೇಷ್ಮೆಗೆ ಹೆಸರಾದ ಊರನ್ನು. ಇದರ ವಾಯವ್ಯಕ್ಕೆ 1478 ಮೀಟರ್ ಎತ್ತರದ ನಂದಿಬೆಟ್ಟವಿದೆ. ಬುಡದಲ್ಲಿ ಭೋಗನಂದೀಶ್ವರ, ನೆತ್ತಿಯಲ್ಲಿ ಯೋಗನಂದೀಶ್ವರ. ದರ್ಶನಕ್ಕೆ ಬಂದ ಭಕ್ತರು ಕೆಳಗಿನ ಶೃಂಗಿತೀರ್ಥವನ್ನೂ ಮೇಲಿನ ಅಮೃತಸರೋವರವನ್ನೂ ಕಂಡು ಮರಳುತ್ತಾರೆ. ಈ ಬೆಟ್ಟಸಾಲು ಮಳೆನೀರನ್ನು ಹಂಚುವ ಬಗೆಯನ್ನು ಗಮನಿಸುವವರು ವಿರಳ.

ಇಲ್ಲಿ ಹುಟ್ಟಿದ ಅರ್ಕಾವತಿಯು ದೊಡ್ಡಬಳ್ಳಾಪುರದ ಮೇಲೆ ಹರಿದು, ಕನಕಪುರದಾಚೆಯ ಸಂಗಮದಲ್ಲಿ ಕಾವೇರಿಯನ್ನು ಸೇರುತ್ತದೆ. ಉತ್ತರ ಪಿನಾಕಿನಿಯು ಗೌರಿಬಿದನೂರಿನ ಮಾರ್ಗವಾಗಿ ಆಂಧ್ರವನ್ನು ಹೊಕ್ಕು ನೆಲ್ಲೂರಿನ ಸೀಮೆಯಲ್ಲಿ ಕಡಲು ಕಾಣುತ್ತದೆ. ದಕ್ಷಿಣ ಪಿನಾಕಿನಿಯು ಜಂಗಮಕೋಟೆ, ಹೊಸಕೋಟೆಗಳ ಕೆರೆಗಳನ್ನು ತುಂಬಿ ತಮಿಳುನಾಡಿಗೆ ಇಳಿಯುತ್ತದೆ. ಒಂದೇ ಬೆಟ್ಟಸಾಲಿನಲ್ಲಿ ಬಿದ್ದ ಹನಿಗಳ ಹಾದಿ ಇಷ್ಟು ಬೇರೆ.

ಈ ನದಿಗಳಿಗೆ ಹಿಮದ ಆಸರೆಯಿಲ್ಲ, ಮಳೆಯೇ ಗತಿ. ನೆಲವೋ ಕಣಶಿಲೆ, ನೀರು ಇಂಗಬೇಕಾದರೆ ಮೇಲ್ಮಣ್ಣಿನಲ್ಲಿ, ಬಂಡೆಯ ಬಿರುಕುಗಳಲ್ಲಿ ಮಾತ್ರ. ಇಳಿಜಾರಿನ ನೀರನ್ನು ತಡೆದು ನಿಧಾನಿಸುತ್ತಿದ್ದುದು ಹುಲ್ಲು. ಆದುದರಿಂದಲೇ ಹಿರಿಯರು ಊರೂರಿಗೆ ಗೋಮಾಳ ಬಿಟ್ಟದ್ದು ದನಗಳಿಗಷ್ಟೇ ಅಲ್ಲ, ಕೆರೆಗೂ ಉಪಕಾರವಾಯಿತು. ಗೋಮಾಳದಲ್ಲಿ ಹಳ್ಳಿಕಾರ್ ದನಗಳು ಮೇಯುತ್ತಿದ್ದವು. ಅಲ್ಲಿಂದಿಳಿದ ನೀರು ರಾಜಕಾಲುವೆ ಹಿಡಿದು ಕೆರೆ ಸೇರುತ್ತಿತ್ತು. ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆ ಈ ಸೀಮೆಯ ಪಶುಸಂಪತ್ತಿಗೆ ಇಂದಿಗೂ ಸಾಕ್ಷಿ. ದನ ಕಾಯುವುದನ್ನೇ ಕಾಯಕವಾಗಿಸಿಕೊಂಡ ಶರಣ ತುರುಗಾಹಿ ರಾಮಣ್ಣನನ್ನು ಸ್ಮರಿಸುವ ನಾವು, ಆತನ ದನಗಳಿಗೆ ಹುಲ್ಲುಗಾವಲು ಬೇಕಿತ್ತೆಂಬುದನ್ನು ಮಾತ್ರ ಮರೆಯುತ್ತೇವೆ!

ಗೋಮಾಳಗಳಲ್ಲಿ ನೀಲಗಿರಿ ಬೆಳೆಯಿತು, ಕಲ್ಲುಗಣಿ ತೆರೆಯಿತು. 2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ಆರಂಭವಾದ ಮೇಲೆ ಉಳಿದ ನೆಲಕ್ಕೆ ನಿವೇಶನದ ಬೆಲೆ ಬಂದಿತು. 2017ರಲ್ಲಿ ಸರಕಾರವು ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತಾದರೂ ಅಷ್ಟರಲ್ಲಿ ಕೊಳವೆಬಾವಿಗಳು ಸಾವಿರ ಅಡಿ ದಾಟಿದ್ದವು. ಹುಲ್ಲಿಲ್ಲದ ರೈತನು ಮೇವನ್ನು ಕೊಂಡು ಸೀಮೆಹಸುವನ್ನು ಸಾಕುತ್ತಾನೆ. ಎತ್ತಿನ ಜೋಡಿ ಅಪರೂಪವಾಗಿದೆ.

ಈಗ ಹೆಬ್ಬಾಳ-ನಾಗವಾರ ಕಣಿವೆಯ ಯೋಜನೆಯಲ್ಲಿ ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತಗಳಲ್ಲಿ ಶುದ್ಧಗೊಳಿಸಿ ಈ ಭಾಗದ ಕೆರೆಗಳಿಗೆ ಏರಿಸಲಾಗುತ್ತಿದೆ. ಅಂತರ್ಜಲಕ್ಕೆ ಅದು ನೆರವಾದೀತು, ಅಲ್ಲಗಳೆಯಲಾರೆವು. ಆದರೆ ನದಿಗಳ ತವರಿಗೆ ನಗರವು ಬಳಸಿ ಬಿಟ್ಟ ನೀರು ಹಿಮ್ಮುಖವಾಗಿ ಬರುತ್ತಿರುವುದನ್ನು ನಾವು ಹೆಮ್ಮೆಯ ಸಂಗತಿಯೆಂದು ಎಣಿಸಲಾರೆವು. ಶಿವರಾತ್ರಿಯ ಜಾತ್ರೆಗೆ ನಂದಿಗೆ ತೆರಳುವ ಸದ್ಭಕ್ತರು ದಾರಿಯಲ್ಲಿ ತಮ್ಮೂರಿನ ಗೋಮಾಳವೆಷ್ಟು ಉಳಿದಿದೆ, ರಾಜಕಾಲುವೆ ಎಲ್ಲಿ ಮುಚ್ಚಿದೆ ಎಂಬುದನ್ನು ನೋಡಿಕೊಂಡು, ಮರಳಿದ ಮೇಲೆ ಗ್ರಾಮಸಭೆಯಲ್ಲಿ ವಿಚಾರಿಸಬೇಕಾಗಿ ವಿನಂತಿ.