ಭೋಸರಿಯಿಂದ ಖಡಕಿ ಎಷ್ಟು ದೂರ?

ಭೋಸರಿಯ ಎಂಐಡಿಸಿಯಲ್ಲಿ ಬೆಳಗಿನ ಪಾಳಿಯ ಹೊತ್ತಿಗೆ ಮರಾಠಿ, ಹಿಂದಿಯ ನಡುವೆ ಕಲಬುರಗಿ, ವಿಜಯಪುರ ಕಡೆಯ ಕನ್ನಡವೂ ಕಿವಿಗೆ ಬೀಳುತ್ತದೆ. ಇಲ್ಲಿ ಎತ್ತರಕ್ಕೆ ಹತ್ತಿ ಮಾಡುವ ಕೆಲಸಕ್ಕೆ ಕೊರತೆಯಿಲ್ಲ. ಶೆಡ್ಡಿನ ಮೇಲಿನ ಸಿಮೆಂಟ್ ಶೀಟು ಮುರಿಯಲು ಒಂದು ಕ್ಷಣ ಸಾಕು. ಬೆನ್ನುಹುರಿಗೆ ಪೆಟ್ಟಾದರೆ ಮುಂದಿನದು ಇಡೀ ಆಯುಷ್ಯದ ಮಾತು.

ಭೋಸರಿಯ ಮಗ್ಗುಲಲ್ಲೇ ಟೆಲ್ಕೊ, ಅಂದರೆ ಇಂದಿನ ಟಾಟಾ ಮೋಟರ್ಸ್ ಕಾರ್ಖಾನೆಯಿದೆ. ಪುಣೆಯ ಟೆಲ್ಕೊದಲ್ಲಿ ನೌಕರಿ ಮಾಡಿದವರಲ್ಲಿ ಮುರಳಿಕಾಂತ್ ಪೇಟ್ಕರ್ ಒಬ್ಬರು. ಸೇನೆಯಲ್ಲಿ ಬಾಕ್ಸರ್ ಆಗಿದ್ದವರು. 1965ರ ಯುದ್ಧದಲ್ಲಿ ಗುಂಡು ತಗುಲಿ ಸೊಂಟದ ಕೆಳಗೆ ಸ್ವಾಧೀನ ಹೋಯಿತು. ಮುಂಬಯಿಯ ಐಎನ್‌ಎಚ್‌ಎಸ್ ಅಶ್ವಿನಿ ಆಸ್ಪತ್ರೆಯಲ್ಲಿ ಚಿಕಿತ್ಸೆಗೆಂದು ನೀರಿಗಿಳಿದರು. 1972ರಲ್ಲಿ ಹೈಡಲ್‌ಬರ್ಗ್‌ನಲ್ಲಿ 50 ಮೀಟರ್ ಫ್ರೀಸ್ಟೈಲನ್ನು 37.33 ಸೆಕೆಂಡಿನಲ್ಲಿ ಈಜಿ ಭಾರತಕ್ಕೆ ಮೊದಲ ಪ್ಯಾರಾಲಿಂಪಿಕ್ ಚಿನ್ನ ತಂದರು. ಪದ್ಮಶ್ರೀ ಬಂದದ್ದು 2018ರಲ್ಲಿ. ಈಗ ಸಿನಿಮಾ ಕೂಡ ಬಂದಿದೆ. ಪದಕದ ಕಥೆ ಹೇಳಲು ಸುಲಭ. ಆದರೆ ಮರುದಿನ ಬೆಳಿಗ್ಗೆ ಕೆಲಸಕ್ಕೆ ಹೋಗುವುದಿದೆಯಲ್ಲ, ಅದನ್ನು ಯಾರೂ ಅಷ್ಟಾಗಿ ಕೇಳುವುದಿಲ್ಲ.

ಆಟ ಮೊದಲಿಗೆ ಮದ್ದಾಗಿಯೇ ಬಂತು. ಇಂಗ್ಲೆಂಡಿನ ಸ್ಟೋಕ್ ಮ್ಯಾಂಡವಿಲ್ ಆಸ್ಪತ್ರೆಯಲ್ಲಿ ಡಾ. ಲುಡ್ವಿಗ್ ಗುಟ್‌ಮನ್ 1948ರ ಜುಲೈ 29ರಂದು ಹದಿನಾರು ಜನರ ಕೈಗೆ ಬಿಲ್ಲು ಕೊಟ್ಟರು. ಲಂಡನ್ ಒಲಿಂಪಿಕ್ಸ್ ಆರಂಭವಾದದ್ದೂ ಅಂದೇ. ಕಾಲು ಹೋದವರಿಗೆ ತೋಳೇ ಕಾಲು: ಹಾಸಿಗೆಯಿಂದ ಕುರ್ಚಿಗೆ ಜರುಗಬೇಕು, ಕೂತಲ್ಲೇ ಆಗಾಗ ಮೈಯೆತ್ತಬೇಕು. ಎತ್ತದಿದ್ದರೆ ಸ್ಪರ್ಶವಿಲ್ಲದ ಚರ್ಮ ಹುಣ್ಣಾಗುತ್ತದೆ, ಗೊತ್ತೇ ಆಗುವುದಿಲ್ಲ. ಇನ್ನೊಂದು ಲಾಭವನ್ನು ಯಾವ ವೈದ್ಯರೂ ಚೀಟಿಯಲ್ಲಿ ಬರೆಯುವುದಿಲ್ಲ. ಮೂತ್ರದ ನಳಿಕೆ, ಮಲಬದ್ಧತೆ, ಹೆಂಡತಿಯೊಂದಿಗಿನ ಸಂಕೋಚ, ಇವನ್ನು ಹೊಸಬ ಡಾಕ್ಟರನ್ನು ಕೇಳಲಾರ. ಆಟ ಮುಗಿದ ಮೇಲೆ ಪಕ್ಕದ ಗಾಲಿಕುರ್ಚಿಯಲ್ಲಿ ಕೂತ ಹಳಬನನ್ನು ಕೇಳುತ್ತಾನೆ.

ಸೈನಿಕರಿಗೆ ಅಂಥ ಹಳಬರು ಸಿಗುವ ಜಾಗ ಭೋಸರಿಗೆ ಹತ್ತಿರದಲ್ಲೇ ಇದೆ. ದಾಪೋಡಿ ದಾಟಿ ಹೊಳೆಯಾಚೆ ಹೋದರೆ ಖಡಕಿ. ಅಲ್ಲಿನ ಪ್ಯಾರಾಪ್ಲೆಜಿಕ್ ಪುನರ್ವಸತಿ ಕೇಂದ್ರ 1974ರಿಂದ ನಡೆಯುತ್ತಿದೆ. ವಾಸ, ಕೆಲಸ, ಗಾಲಿಕುರ್ಚಿ ಬ್ಯಾಸ್ಕೆಟ್‌ಬಾಲ್ ಎಲ್ಲ ಒಂದೇ ಆವರಣದಲ್ಲಿ.

ಈಗ ಆಳಂದ ಕಡೆಯ ವೆಲ್ಡರ್ ಒಬ್ಬ ಬಿದ್ದ ಎಂದಿಟ್ಟುಕೊಳ್ಳಿ. ಇಎಸ್‌ಐ ಇದ್ದು, ಪೂರ್ಣ ಅಂಗವೈಕಲ್ಯವೆಂದು ತೀರ್ಮಾನವಾದರೆ ಕೂಲಿಯ ಶೇ. 90ರಷ್ಟು ಜೀವನಪರ್ಯಂತ ಬರುತ್ತದೆ. ಸಣ್ಣ ಮಾತಲ್ಲ ಅದು. ಗುತ್ತಿಗೆದಾರ ಅವನ ಹೆಸರನ್ನೇ ನೋಂದಾಯಿಸಿರದಿದ್ದರೆ ಅದಕ್ಕೂ ಅಲೆದಾಟ. ದುಡ್ಡು ಬಂದರೂ ಭೋಸರಿಯ ಎರಡನೇ ಮಹಡಿಯ ಖೋಲಿಗೆ ಹತ್ತಿಸುವವರು ಯಾರು? ಊರಿಗೇ ಒಯ್ಯುತ್ತಾರೆ. ಅಲ್ಲಿ ಎತ್ತರದ ಹೊಸ್ತಿಲು, ಬಯಲಿನ ಶೌಚ. ಅಣ್ಣ ಸಂಜೆ ಹೊತ್ತು ತಂದು ಕಟ್ಟೆಯ ಮೇಲೆ ಕೂರಿಸುತ್ತಾನೆ, ಕತ್ತಲಾದ ಮೇಲೆ ಒಳಗೊಯ್ಯುತ್ತಾನೆ. ಬಂದವರೆಲ್ಲ "ಹ್ಯಾಂಗಾತೋ ತಮ್ಮಾ?" ಎಂದೇ ಕೇಳುತ್ತಾರೆ. ಅವನು ಬಿದ್ದ ಕಥೆಯನ್ನೇ ಮತ್ತೆ ಹೇಳುತ್ತಾನೆ.