ಡರ್ವೆಂಟ್ ನದಿಯ ಮೇಲಣ ಬರಿಯ ಪಂಜರ

ಆಸ್ಟ್ರೇಲಿಯದ ದಕ್ಷಿಣಕ್ಕೆ, ಕಡಲಿನಾಚೆ ಇರುವ ಟಾಸ್ಮೇನಿಯ ದ್ವೀಪದ ರಾಜಧಾನಿ ಹೋಬಾರ್ಟ್. ಒಂದು ಪಕ್ಕದಲ್ಲಿ ವೆಲಿಂಗ್ಟನ್ ಪರ್ವತ, ಇನ್ನೊಂದು ಪಕ್ಕದಲ್ಲಿ ಡರ್ವೆಂಟ್ ನದಿಯ ವಿಶಾಲವಾದ ಅಳಿವೆ. ನದಿಯತ್ತ ಇಳಿಯುವ ಗುಡ್ಡದ ಮೇಲೆ ‘ಕ್ವೀನ್ಸ್ ಡೊಮೇನ್’ ಎಂಬ ರಮ್ಯವಾದ ಉದ್ಯಾನವಿದೆ. ಗಾಳಿ ಸೇವನೆಗೆ ಬಂದವರು ಅಲ್ಲಿನ ಒಂದು ಗೇಟಿನ ಮುಂದೆ ನಿಂತು ನೋಡುವುದುಂಟು. ಗೇಟಿನಲ್ಲಿ ಮೂಡಿರುವುದು, ಭೂಮಿಯ ಮೇಲೆ ಈಗ ಎಲ್ಲಿಯೂ ಇಲ್ಲದ ಒಂದು ಪ್ರಾಣಿಯ ಆಕೃತಿ. 1923ರಿಂದ 1937ರವರೆಗೆ ನಗರಸಭೆಯ ಬೋಮಾರಿಸ್ ಮೃಗಾಲಯವಿದ್ದ ಸ್ಥಳವದು.

ಆ ಪ್ರಾಣಿಯೇ ‘ಟಾಸ್ಮೇನಿಯದ ಹುಲಿ’. ಹೆಸರಿಗಷ್ಟೇ ಹುಲಿ, ಮೈಕಟ್ಟು ನಾಯಿಯದು, ಬೆನ್ನಿನ ಹಿಂಭಾಗದಲ್ಲಿ ಕಪ್ಪು ಪಟ್ಟೆಗಳು, ಮರಿಯನ್ನು ಹೊರಲು ಕಾಂಗರೂವಿನಂತೆ ಹೊಟ್ಟೆಚೀಲ. ಕುರಿ ಸಾಕಲು ಬಂದ ಬಿಳಿಯ ವಲಸೆಗಾರರಿಗೆ ಅದು ಕುರಿಗಳ್ಳನಾಯಿತು. 1888ರಿಂದ 1909ರವರೆಗೆ ಸರಕಾರವೇ ತಲೆಗೆ ಬೆಲೆ ಕಟ್ಟಿತು: ದೊಡ್ಡದಕ್ಕೆ ಒಂದು ಪೌಂಡು, ಮರಿಗೆ ಹತ್ತು ಷಿಲ್ಲಿಂಗು. ಹೀಗೆ 2,184 ಬಾರಿ ಬಹುಮಾನ ಸಂದಿತು. ಕುರಿಗಳನ್ನು ಕೊಂದ ಪಾಪದಲ್ಲಿ ನಾಯಿಗಳ ಪಾಲೂ ಇತ್ತು. ಆದರೆ ನಾಯಿಯ ಪರವಾಗಿ ಮಾತನಾಡಲು ಒಡೆಯನಿದ್ದ. ಕಾಡುಮೃಗದ ಪರವಾಗಿ ಯಾರಿದ್ದರು?

1933ರ ಡಿಸೆಂಬರಿನಲ್ಲಿ ಡೇವಿಡ್ ಫ್ಲೇ ಎಂಬ ಪ್ರಾಣಿಶಾಸ್ತ್ರಜ್ಞರು ಇಲ್ಲಿನ ಹುಲಿಯ ಚಲನಚಿತ್ರ ತೆಗೆದರು. ಪಂಜರದೊಳಗೆ ಕ್ಯಾಮೆರಾಕ್ಕೆ ಕಣ್ಣಿಟ್ಟಿದ್ದಾಗ ಅದು ಅವರ ಪೃಷ್ಠವನ್ನೇ ಕಚ್ಚಿತಂತೆ! ಆ ಪುಟ್ಟ ಮೂಕಚಿತ್ರದಲ್ಲಿ ಹುಲಿ ಬಾಯಿ ತೆರೆಯುತ್ತದೆ, ಅತ್ತಿತ್ತ ಸುಳಿದಾಡುತ್ತದೆ.

1935ರಲ್ಲಿ ಮೃಗಾಲಯದ ಮೇಲ್ವಿಚಾರಕ ಆರ್ಥರ್ ರೀಡ್ ತೀರಿಕೊಂಡರು. ಮಗಳು ಆಲಿಸನ್ ಸಂಬಳವಿಲ್ಲದೆಯೇ ಪ್ರಾಣಿಗಳ ಆರೈಕೆಯನ್ನು ಮುಂದುವರಿಸಿದಳು. ಅದು ಆರ್ಥಿಕ ಮುಗ್ಗಟ್ಟಿನ ಕಾಲ. ನಗರಸಭೆಗೆ ಮೃಗಾಲಯವೊಂದು ಹೊರೆ. ಕೊನೆಗೆ ಆಕೆಯ ಕೈಯಿಂದ ಬೀಗದ ಕೈಗಳನ್ನೂ ಕಿತ್ತುಕೊಂಡರು. ರಾತ್ರಿಯ ಹೊತ್ತು ಪ್ರಾಣಿಗಳ ಕೂಗು ಪಕ್ಕದ ಮನೆಯಲ್ಲಿದ್ದ ಅವಳಿಗೆ ಕೇಳುತ್ತಿತ್ತು. ಹೋಗಿ ಬಾಗಿಲು ತೆರೆಯುವ ಅಧಿಕಾರ ಅವಳಿಗಿರಲಿಲ್ಲ.

1936ರ ಜುಲೈ 10ರಂದು ಸರಕಾರ ಈ ಪ್ರಾಣಿಗೆ ಕಾನೂನಿನ ರಕ್ಷಣೆ ನೀಡಿತು. ಅದಾದ ಐವತ್ತೊಂಬತ್ತು ದಿನಕ್ಕೆ, ಸೆಪ್ಟೆಂಬರ್ 7ರಂದು, ಪಂಜರದಲ್ಲಿ ಉಳಿದಿದ್ದ ಕೊನೆಯ ಹುಲಿ ಸತ್ತಿತು. ಹಗಲಿನ ಬಿಸಿಲು, ಇರುಳಿನ ಕೊರೆಯುವ ಚಳಿ. ಮಲಗುವ ಗೂಡಿನೊಳಕ್ಕೆ ಬಿಡದೆ ಅದನ್ನು ಬಯಲಿನಲ್ಲಿಯೇ ಉಳಿಸಿದ್ದರೆಂಬುದು ಬಹುಕಾಲದಿಂದ ನಡೆದುಬಂದ ವಿವರಣೆ. ಕಾಡಿನಲ್ಲಿ ಕೊಂದವರಿಗೆ ಬಹುಮಾನದ ಆಸೆಯಾದರೂ ಇತ್ತು. ಇಲ್ಲಿ ಅದೂ ಇರಲಿಲ್ಲ, ಬರಿಯ ಅಲಕ್ಷ್ಯ.

ಮರುವರ್ಷ ಮೃಗಾಲಯಕ್ಕೆ ಬೀಗ ಬಿತ್ತು. ಸತ್ತ ಹುಲಿಯ ದೇಹ ಹೋಬಾರ್ಟಿನ ವಸ್ತುಸಂಗ್ರಹಾಲಯಕ್ಕೆ ಸೇರಿತಾದರೂ, ಅದು ಕಳೆದುಹೋಯಿತೆಂದೇ ದಶಕಗಳ ಕಾಲ ಎಲ್ಲರೂ ನಂಬಿದ್ದರು. 2022ರಲ್ಲಿ ಸಂಶೋಧಕರು ಹಳೆಯ ದಾಖಲೆಗಳನ್ನು ಕೆದಕಿದಾಗ ಅದು ಅಲ್ಲಿನ ಕಪಾಟಿನಲ್ಲಿಯೇ ಸಿಕ್ಕಿತು. ಅದೊಂದು ಮುದಿ ಹೆಣ್ಣು. ಅದರ ಚರ್ಮವನ್ನು ಶಾಲೆಯಿಂದ ಶಾಲೆಗೆ ಒಯ್ದು ಮಕ್ಕಳಿಗೆ ತೋರಿಸಿದ್ದರು. ತೋರಿಸಿದವರಿಗೂ ಅದು ಯಾವ ಹುಲಿಯದೆಂದು ತಿಳಿದಿರಲಿಲ್ಲ.